ಹಲ್ಲಿಗೊಂದು ಹೆಲ್ಮೆಟ್ಟು

ಹಾಕಿ ಸ್ಟಿಕ್ಕಿಗೆ ಸಾವಿರಗಟ್ಟಲೆ ಸುರಿಯುವ ಅಪ್ಪಂದಿರು ಮೌತ್‌ಗಾರ್ಡ್ ಅಂದಕೂಡಲೇ "ಹಲ್ಲು ಹೋದ್ರೆ ಕಟ್ಟಿಸೋಣ ಬಿಡೋ" ಅನ್ನುತ್ತಾರೆ. ಕಟ್ಟಿಸಿದ ಬಿಲ್ಲು ಬಂದಾಗ ಅವರ ಬಾಯೇ ಕಟ್ಟುತ್ತದೆ.

ಅಂಗಡಿಯಲ್ಲಿ ಸಿಗುವುದು ಎರಡು ಜಾತಿ. ರೆಡಿಮೇಡು ಎಲ್ಲರ ಬಾಯಿಗೂ ಅಂತ ಮಾಡಿದ್ದು, ಹಾಗಾಗಿ ಯಾರ ಬಾಯಿಗೂ ಸರಿಯಾಗಿ ಕೂರದು. ಬೀಳದಿರಲು ಹಲ್ಲು ಕಚ್ಚಿಕೊಂಡೇ ಓಡಬೇಕು. "ಪಾಸ್ ಕೊಡೋ" ಎಂದರೆ "ಫಾಫ್ ಫೊಫೋ" ಎಂದು ಕೇಳುತ್ತದೆ. ಇನ್ನೊಂದು ಬಿಸಿನೀರಿನದು. ಅದ್ದಿ, ಮೆತ್ತಗಾದ ಮೇಲೆ ಕಚ್ಚಿ, ಹೊರಗಿಂದ ಬೆರಳಲ್ಲಿ ಒತ್ತಿ, ಒಳಗಿಂದ ನಾಲಿಗೆಯಲ್ಲಿ ತಳ್ಳಿ... ಕನ್ನಡಿಯಲ್ಲಿ ನೋಡಿಕೊಳ್ಳದಿರುವುದು ಕ್ಷೇಮ. ಸಿಟ್ಟಿನಿಂದ ಕಚ್ಚಿದಿರೋ, ದಪ್ಪವೇ ಉಳಿಯದು. ಪೆಟ್ಟು ಕುಡಿಯುವುದು ಆ ದಪ್ಪವೇ ಅಲ್ಲವೇ?

ದಂತವೈದ್ಯರು ಅಚ್ಚು ತೆಗೆದು ಮಾಡಿಕೊಡುವುದು ಮೂರನೆಯದು. ದುಬಾರಿ, ನಿಜ. ಆದರೆ ಅದನ್ನು ಹಾಕಿಕೊಂಡೇ ಅಂಪೈರ್ ಜೊತೆ ಸ್ಪಷ್ಟೋಚ್ಚಾರದಲ್ಲಿ ಜಗಳವಾಡಬಹುದು. ನನ್ನ ಓಟು ಅದಕ್ಕೇ. ಬೆಳೆಯುವ ಮಕ್ಕಳಿಗೆ ಮಾತ್ರ ಆಗಾಗ ಬದಲಿಸಬೇಕು.

ಈ ಹೆಲ್ಮೆಟ್ಟಿನ ಕಥೆ ಹಳೆಯದು: 1890ರ ದಶಕದಲ್ಲಿ ಲಂಡನ್ನಿನ ದಂತವೈದ್ಯ ವುಲ್ಫ್ ಕ್ರೌಸ್ ಬಾಕ್ಸರುಗಳ ಮೇಲ್ಹಲ್ಲಿಗೆ ಗಟ್ಟಾಪರ್ಚಾ ಎಂಬ ರಬ್ಬರಿನಂಥ ಮರದಂಟಿನ ಪಟ್ಟಿ ಕೂರಿಸಿದರು, ತುಟಿ ಸೀಳದಿರಲಿ ಎಂದು. ಈಗ ಬ್ಯಾಸ್ಕೆಟ್‌ಬಾಲಿನ ಸ್ಟೀಫನ್ ಕರಿ ತನ್ನ ಮೌತ್‌ಗಾರ್ಡನ್ನು ಅರ್ಧ ಹೊರಗೆಳೆದು ಎಲೆಅಡಿಕೆಯಂತೆ ಜಗಿಯುತ್ತಾ ಫ್ರೀ ಥ್ರೋ ಹಾಕುತ್ತಾನೆ. ಚೆಂಡು ಬುಟ್ಟಿಗೆ ಬೀಳುತ್ತದೆ, ಏನು ಹೇಳೋಣ!