ಮಂಗನ ಕಿವಿಯಿಂದ ಒಂದು ಗೇಣು ಆಚೆಗೆ: ಏರ್‌ಗನ್ ನಿಖರತೆಯ ಶಾಸ್ತ್ರವಿಚಾರ

ನಳಿಗೆ ಮಡಚುವ ಏರ್‌ಗನ್ನಿನ ಗುರಿ ಯಾಕೆ ತಪ್ಪುತ್ತದೆ ಎಂಬ ವಿಷಯದಲ್ಲಿ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಸೀಮೆಯಲ್ಲಿ ಮೂರು ದರ್ಶನಗಳು ಚಾಲ್ತಿಯಲ್ಲಿವೆ. ಚರೆ ಸರಿಯಿಲ್ಲ ಎನ್ನುವವರು ಚರೆವಾದಿಗಳು. ನಳಿಗೆಯೇ ಸೊಟ್ಟ ಎನ್ನುವವರು ನಳಿಕಾವಾದಿಗಳು. ಮಂಜು, ಜಿಗಣೆ, ಈಡು ಹೊಡೆಯುವ ಹೊತ್ತಿಗೆ ಸರಿಯಾಗಿ ಕೆಮ್ಮಿದ ರೈಟರು, ಎಲ್ಲ ಸೇರಿ ಕಾರಣ ಎನ್ನುವವರು ಸಮುಚ್ಚಯವಾದಿಗಳು, ಬಹುಮತ ಇವರದು. ಹೊಡೆದವನೇ ಕಾರಣ ಎಂಬ ನಾಲ್ಕನೆಯ ದರ್ಶನವೂ ಉಂಟು. ಅದಕ್ಕೆ ತೋಟದ ಸಾಹುಕಾರರಲ್ಲಿ ಅನುಯಾಯಿಗಳಿಲ್ಲ, ಅವರ ಮನೆಯವರಲ್ಲಿ ಧಾರಾಳವಾಗಿದ್ದಾರೆ. ಈ ನಾಲ್ಕನ್ನೂ ಖಂಡಿಸಿ ಐದನೆಯದನ್ನು ಸ್ಥಾಪಿಸುವುದು ಪ್ರಕೃತ ಪ್ರಬಂಧದ ಉದ್ದೇಶ.

ಪದ್ಧತಿಯಂತೆ ಮೊದಲು ಇತಿಹಾಸ. 1780ರ ಸುಮಾರಿಗೆ ಆಸ್ಟ್ರಿಯಾದ ಸೈನ್ಯ ಜಿರಾಂಡೋನಿ ಎಂಬವನು ರೂಪಿಸಿದ ಗಾಳಿಕೋವಿಯನ್ನು ಬಳಕೆಗೆ ತಂದಿತು. 1804ರಲ್ಲಿ ಅಮೆರಿಕದ ಪಶ್ಚಿಮಕ್ಕೆ ದಾರಿ ಹುಡುಕುತ್ತ ಹೊರಟ ಲೂಯಿಸ್ ಮತ್ತು ಕ್ಲಾರ್ಕ್ ಕೂಡ ಗಾಳಿಕೋವಿ ಹೊತ್ತಿದ್ದರು. ದಾರಿಯಲ್ಲಿ ಸಿಕ್ಕ ಮೂಲನಿವಾಸಿಗಳಿಗೆ ಅದನ್ನು ಹಾರಿಸಿ ತೋರಿಸಿ ಬೆರಗುಗೊಳಿಸುವುದು ಅವರ ಕ್ರಮ. ಬೆರಗಾಗದ ಪ್ರೇಕ್ಷಕ ಅವರಿಗೆ ಸಿಗಲಿಲ್ಲ, ಯಾಕೆಂದರೆ ಅವರು ಕೊಟ್ಟಿಗೆಹಾರದ ಕಡೆ ಬರಲಿಲ್ಲ. ಇನ್ನು, ಮೂಡಿಗೆರೆ ಸೀಮೆಯ ಕೋವಿಯ ಬಗ್ಗೆ ಬರೆಯುವವರು ತೇಜಸ್ವಿಯವರ ಹೆಸರು ತೆಗೆಯಲೇಬೇಕೆಂಬ ಅಲಿಖಿತ ನಿಯಮವಿದೆ. ಇಗೋ, ತೆಗೆದಾಯಿತು.

ಎರಡನೆಯದು ಅಧಿಕಾರ ನಿರ್ಣಯ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿ.ಮೀ. ವ್ಯಾಸವನ್ನೂ 20 ಜೌಲ್ ಶಕ್ತಿಯನ್ನೂ ಮೀರದ ಗಾಳಿಕೋವಿಗೆ ಲೈಸೆನ್ಸ್ ಬೇಡ. ಬೆಳೆ ಕಾಯಲೆಂದು ಲೈಸೆನ್ಸ್ ಮಾಡಿಸಿದ ತೋಟಾಕೋವಿಯೋ, ಚುನಾವಣೆ ಘೋಷಣೆಯಾದ ಕೂಡಲೇ ಠಾಣೆಗೆ ಹೋಗಿ ಕೂರುತ್ತದೆ. ಪಂಚಾಯಿತಿ, ವಿಧಾನಸಭೆ, ಲೋಕಸಭೆ ಎಂದು ಪ್ರಜಾಪ್ರಭುತ್ವ ಬಲಗೊಂಡಷ್ಟೂ ಅದು ಮನೆಯಲ್ಲಿರುವ ದಿನ ಕಡಿಮೆ. ಮಂಗಗಳಿಗೆ ನೀತಿಸಂಹಿತೆ ಅನ್ವಯಿಸುವುದಿಲ್ಲ. ಆಗ ಅಟ್ಟದ ಮೇಲಿನ ಏರ್‌ಗನ್ ಕೆಳಗಿಳಿದು, ಧೂಳು ಒರೆಸಿಸಿಕೊಂಡು, ರಾತ್ರೋರಾತ್ರಿ ಮನೆತನದ ಮುಖ್ಯ ಆಯುಧವಾಗಿ ಬಡ್ತಿ ಪಡೆಯುತ್ತದೆ.

ಪ್ರಯೋಜನ ನಿರ್ಣಯದಲ್ಲಿ ತೊಡಕಿದೆ. ಬಾಳೆಗೊನೆಗೂ ಏಲಕ್ಕಿಗೂ ನುಗ್ಗುವ ಮಂಗನಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಅದರ ಮೇಲೆ ಆಂಜನೇಯನ ರಕ್ಷಣೆ ಬೇರೆ. ಕಾಯ್ದೆಯ ಕೈಗೆ ಸಿಕ್ಕಿದರೆ ವಕೀಲರಾದರೂ ಇದ್ದಾರೆ. ಶನಿವಾರದ ದಿನ ದೇವಸ್ಥಾನದ ಮೆಟ್ಟಿಲು ಹತ್ತುವಾಗ ಯಾರಿದ್ದಾರೆ? ಆದ್ದರಿಂದ ಚರೆ ತಾಗಲೇಬಾರದು, ತಾಗೀತೆಂಬ ಭಯ ಮಾತ್ರ ಹುಟ್ಟಬೇಕು. ಅಂದರೆ ಮಂಗನ ಕಿವಿಯಿಂದ ಒಂದು ಗೇಣು ಆಚೆಗಿನ ಹಲಸಿನೆಲೆಗೇ ಹೊಡೆಯಬೇಕು. ಹೊಡೆಯಲು ಹೋಗಿ ತಪ್ಪುವವನಿಗೆ ಇಡೀ ಕಾಡು ತೆರೆದಿದೆ. ತಪ್ಪಿಸಲೆಂದೇ ಹೊಡೆಯುವವನಿಗೆ ಆ ಸ್ವಾತಂತ್ರ್ಯವಿಲ್ಲ. ನಿಖರತೆ ಬೇಕಿರುವುದು ತಪ್ಪಿಸುವುದಕ್ಕೆ ಎಂಬುದೇ ಐದನೆಯ ದರ್ಶನ.

ಈಗ ಯಂತ್ರ. ನಳಿಗೆ ಮಡಚಿದಾಗ ಒಳಗಿನ ಸ್ಪ್ರಿಂಗ್ ಕುಗ್ಗಿ ಪಿಸ್ಟನ್ ಹಿಂದಕ್ಕೆ ಸರಿದು ಕೊಕ್ಕೆಗೆ ಸಿಕ್ಕುತ್ತದೆ. ಚರೆ ಇಟ್ಟು, ನಳಿಗೆ ನೆಟ್ಟಗೆ ಮಾಡಿ, ಕುದುರೆ ಎಳೆದರೆ ಪಿಸ್ಟನ್ ಮುಂದಕ್ಕೆ ನುಗ್ಗುತ್ತದೆ, ಕೋವಿ ಹಿಂದಕ್ಕೆ ಒದೆಯುತ್ತದೆ. ಒತ್ತಿಹೋದ ಗಾಳಿಗೆ ಪಿಸ್ಟನ್ ಢಿಕ್ಕಿ ಹೊಡೆದು ನಿಲ್ಲುವಾಗ ಕೋವಿ ಮುಂದಕ್ಕೆ ಜಗ್ಗುತ್ತದೆ. ಚರೆ ನಳಿಗೆಯ ಬಾಯಿ ದಾಟುವ ಮೊದಲೇ ಈ ಕುಣಿತ ಶುರುವಾಗಿರುತ್ತದೆ. ತೋಟಾಕೋವಿಯ ಅಭ್ಯಾಸವಿದ್ದವರು ಏರ್‌ಗನ್ನನ್ನೂ ಭುಜಕ್ಕೊತ್ತಿ, ಮುಂಗೈ ನರ ಉಬ್ಬುವಂತೆ ಅವುಚಿ ಹಿಡಿಯುತ್ತಾರೆ. ಹಿಡಿತ ಪ್ರತಿ ಸಲ ಬೇರೆ, ಆದ್ದರಿಂದ ಒದೆತ ಪ್ರತಿ ಸಲ ಬೇರೆ, ಆದ್ದರಿಂದ ಚರೆ ಪ್ರತಿ ಸಲ ಬೇರೆ ಊರಿಗೆ.

ಇದಕ್ಕೆ ಪಾಶ್ಚಾತ್ಯ ಪಂಡಿತರು ಹೇಳುವ ಪರಿಹಾರ ಆರ್ಟಿಲರಿ ಹೋಲ್ಡ್. ಬಿಚ್ಚಿದ ಅಂಗೈ ಮೇಲೆ ಕೋವಿಯ ಮುಂಭಾಗವನ್ನು ಸುಮ್ಮನೆ ಕೂರಿಸಿ, ಹಿಂಭಾಗವನ್ನು ಭುಜಕ್ಕೆ ತಾಗಿಯೂ ತಾಗದಂತಿಟ್ಟು, ಗಾಡಿಯ ಮೇಲಿನ ಫಿರಂಗಿ ತಾನಾಗಿ ಹಿಂದೆ ಉರುಳುವ ಹಾಗೆ ಅದನ್ನು ಅದರ ಪಾಡಿಗೆ ಬಿಡಬೇಕು. ಅಂಗೈಯನ್ನು ಅಂಗುಲ ಅಂಗುಲ ಸರಿಸುತ್ತ ಹೋಗಿ, ಚರೆಗಳು ಒಂದೇ ಕಡೆ ಗುಂಪಾಗಿ ಬೀಳುವ ಜಾಗ ಸಿಕ್ಕಿದಾಗ ಮರದ ಹಿಡಿಯ ಮೇಲೆ ಪೆನ್ಸಿಲ್ ಗುರುತು ಹಾಕಬೇಕು. ಜಗಲಿಕಟ್ಟೆಗೆ ನೇರವಾಗಿ ಊರಬಾರದು, ಗಟ್ಟಿ ಆಸರೆಯ ಮೇಲೆ ಕೋವಿ ಪುಟಿಯುತ್ತದೆ. ಹೇಳುವುದು ಸುಲಭ. ಆಳುಕಾಳು, ಸಂಬಳದ ಪುಸ್ತಕ, ಟೀವಿ ರಿಮೋಟು ಎಲ್ಲವನ್ನೂ ಅವುಚಿ ಹಿಡಿದೇ ಬೆಳೆದ ಕೈಗೆ ಸಡಿಲ ಹಿಡಿತ ಬರುವುದು ಇಳಿವಯಸ್ಸಿನಲ್ಲಿ ಸಂಗೀತ ಕಲಿತಷ್ಟೇ ಕಷ್ಟ.

ಹಿಂದೂ ಮುಂದೂ ಜಗ್ಗುವುದರಿಂದ ಹಿಡಿಯ ಸ್ಕ್ರೂಗಳು ತಾವಾಗಿ ಸಡಿಲಾಗುತ್ತವೆ. ನಳಿಗೆ ಸೊಟ್ಟ ಎಂದು ತೀರ್ಪು ಕೊಡುವ ಮೊದಲು ಅವನ್ನೊಮ್ಮೆ ತಿರುಗಿಸಿ ನೋಡುವುದು ನಳಿಕಾವಾದಿಗಳ ಸಿದ್ಧಾಂತಕ್ಕೆ ವಿರುದ್ಧವೇನಲ್ಲ. ಚರೆವಾದಿಗಳ ಮಾತಿನಲ್ಲಿ ಅರ್ಧ ಸತ್ಯವಿದೆ. ಚರೆಯ ಸೊಂಟ ಸಣ್ಣ, ಲಂಗ ಅಗಲ. ಆ ಸೀಸದ ಲಂಗ ಒಂಚೂರು ನಗ್ಗಿದರೂ ಅದು ನೆಟ್ಟಗೆ ಹೋಗದು. ಆದರೆ ಮೊಳೆ, ವಾಷರ್, ಹಳೇ ಬೀಗದ ಕೈಗಳಿರುವ ಡಬ್ಬಕ್ಕೇ ಚರೆ ಸುರಿದಿಟ್ಟು ಲಂಗ ನಗ್ಗಿಸಿದವರು ಯಾರು ಎಂಬ ಪ್ರಶ್ನೆಗೆ ಚರೆವಾದಿಗಳು ಮೌನ ವಹಿಸುತ್ತಾರೆ. ಕಳಸದ ಮಳೆಗೆ ತುಕ್ಕು ಹಿಡಿಯದಿರಲೆಂದು ಕೊಬ್ಬರಿ ಎಣ್ಣೆ ಹುಯ್ಯುವುದು ಇನ್ನೊಂದು ಆಚಾರ. ಒತ್ತಿದ ಗಾಳಿ ಬಿಸಿಯೇರಿ, ಡೀಸೆಲ್ ಎಂಜಿನ್ನಿನೊಳಗೆ ಆಗುವಂತೆಯೇ, ಎಣ್ಣೆ ಹೊತ್ತಿಕೊಂಡು ಢಂ ಎನ್ನುತ್ತದೆ, ಹೊಗೆ ಬರುತ್ತದೆ. ಹೊಡೆದವನಿಗೆ ತೋಟಾಕೋವಿ ಠಾಣೆಯಿಂದ ವಾಪಸು ಬಂದಷ್ಟು ಸಂತೋಷ. ಚರೆಯ ವೇಗ ಮಾತ್ರ ಒಂದೊಂದು ಸಲ ಒಂದೊಂದು, ಪಿಸ್ಟನ್ನಿನ ವಾಷರ್ ಕ್ರಮೇಣ ದೇವರ ಪಾದ.

ನಿಖರತೆಯ ಪರಾಕಾಷ್ಠೆ ಎಷ್ಟು? 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿ.ಮೀ. ಅಗಲ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಆ ಚುಕ್ಕೆಯ ಮೇಲೆ, ಸ್ಪ್ರಿಂಗಿನ ಒದೆತವಿಲ್ಲದ ಬೇರೆ ಜಾತಿಯ ಕೋವಿಯಲ್ಲಿ. ನಮ್ಮ ಸೀಮೆಯಲ್ಲಿ ಆ ಮಟ್ಟ ಮುಟ್ಟಿರುವುದು ಕಾಯಿಕೊರಕ ಒಂದೇ. ಸಾಸಿವೆ ಕಾಳಿನಷ್ಟೂ ಇಲ್ಲದ ಈ ಕಪ್ಪು ದುಂಬಿ ಕಾಫಿ ಹಣ್ಣಿನ ತುದಿಯ ಹೊಕ್ಕುಳನ್ನೇ ಹುಡುಕಿ ಸೂಜಿ ಚುಚ್ಚಿದಂಥ ತೂತು ಕೊರೆಯುತ್ತದೆ. 1990ರಲ್ಲಿ ನೀಲಗಿರಿಯಲ್ಲಿ ಮೊದಲು ಕಾಣಿಸಿಕೊಂಡು ಇಲ್ಲಿಯವರೆಗೂ ಬಂದ ಅದರ ಗುರಿ ತಪ್ಪಿಸಲು ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದವರೂ ಹೆಣಗುತ್ತಿದ್ದಾರೆ. ಅದು ಸ್ಕೋಪ್ ಹಾಕಿಸಿಕೊಂಡಿದ್ದು ಯಾರೂ ಕಂಡಿಲ್ಲ.

ಒಂದು ಉಪಪ್ರಶ್ನೆ. ಮಂಗ ಅರೇಬಿಕಾದ ಮಾಗಿದ ಹಣ್ಣನ್ನೇ ಆರಿಸಿ, ಸಿಪ್ಪೆ ಚೀಪಿ, ಬೀಜ ಉಗುಳುತ್ತದೆ. ಆ ಬೀಜವನ್ನು ಹೆಕ್ಕಿ, ತೊಳೆದು, ಮಂಕಿ ಪಾರ್ಚ್‌ಮೆಂಟ್ ಎಂಬ ಹೆಸರಲ್ಲಿ ವಿಶೇಷ ಬೆಲೆಗೆ ಮಾರುವುದುಂಟು. ಹಾಗಾದರೆ ಮಂಗನನ್ನು ಓಡಿಸುವವನು ತನ್ನದೇ ಪಲ್ಪರನ್ನು ಓಡಿಸಿದಂತಾಗಲಿಲ್ಲವೇ? ಇದರ ವಿಚಾರಣೆ ಕಾಫಿ ರೇಟು ನೋಡಿಕೊಂಡು.

ಕೊನೆಯದಾಗಿ ಲಕ್ಷ್ಯ. ಹಲಸಿನೆಲೆಗೆ ಚರೆ ತಾಗಿದರೆ ಸದ್ದು ಬರುವುದಿಲ್ಲ, ಮಂಗ ತಲೆ ಎತ್ತಿಯೂ ನೋಡುವುದಿಲ್ಲ. ಗೇಣಳತೆಯ ಲೆಕ್ಕದಲ್ಲಿ ಕೂದಲೆಳೆ ತಪ್ಪಿದರೂ ಕಾಯ್ದೆ, ಶನಿವಾರ ಎರಡೂ ಎದುರಾಗುತ್ತವೆ. ಆದ್ದರಿಂದ ಮಂಗಗಳ ದಾರಿಯಿಂದ ದೂರದಲ್ಲಿ, ಹಿಂದೆ ಮಣ್ಣಿನ ದರೆ ಇರುವ ಕಡೆ, ಖಾಲಿ ಎಣ್ಣೆ ಡಬ್ಬವೊಂದನ್ನು ತೂಗುಬಿಟ್ಟು, ಸಡಿಲ ಹಿಡಿತದಲ್ಲಿ ಅದಕ್ಕೆ ಹೊಡೆಯತಕ್ಕದ್ದು. ಠಣ್ ಎಂದೊಡನೆ ಹಿಂಡು ಚದುರುತ್ತದೆ, ಯಾರಿಗೂ ನೋವಿಲ್ಲ, ಶಾಸ್ತ್ರಕ್ಕೆ ಊನವಿಲ್ಲ.

ಡಬ್ಬವನ್ನು ಕೋಲಿನಿಂದ ಬಡಿದರೂ ಅದೇ ಸದ್ದು ಬರುತ್ತದಲ್ಲ ಎಂಬ ಆಕ್ಷೇಪ ಲೈನುಮನೆಯ ಕಡೆಯಿಂದ ಬಂದಿದೆ. ಅದರ ಖಂಡನೆ ಎರಡನೆಯ ಸಂಪುಟದಲ್ಲಿ.