ಮುಚ್ಚಳ ಸಮೇತ

ಅಮ್ಮನ ಇನ್ಸುಲಿನ್ ತಿಂಗಳಿಗೊಮ್ಮೆ ಮನೆಬಾಗಿಲಿಗೆ ಬರುತ್ತದೆ. ಬೆರಳುದ್ದದ ಐದು ಸೀಸೆ. ಅವನ್ನು ಹೊತ್ತು ತರುವ ಥರ್ಮಾಕೋಲ್ ಡಬ್ಬಿ ಮಾತ್ರ ಮದುವೆಮನೆಯ ಲಾಡು ತುಂಬಿಡುವಷ್ಟು ದೊಡ್ಡದು. ಔಷಧ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು, ಒಪ್ಪಿದೆ. ಡಬ್ಬಿ ತನ್ನ ಕೆಲಸವನ್ನು ಎರಡು ದಿನ ಅಚ್ಚುಕಟ್ಟಾಗಿ ಮಾಡುತ್ತದೆ. ಆಮೇಲೆ ನಮ್ಮ ಕೆಲಸ ಶುರು.

ಡಬ್ಬಿಯ ಮೇಲೆ ಹಸಿರು ಎಲೆಯ ಚಿತ್ರ, ಕೆಳಗೆ 'ದಯವಿಟ್ಟು ಮರುಬಳಸಿ'. ಈ 'ದಯವಿಟ್ಟು'ವಿನ ಬಾಡಿಗೆ ಎಷ್ಟಾಗುತ್ತದೆಂದು ಯಾರೂ ಲೆಕ್ಕ ಹಾಕಿಲ್ಲ. ಸಾಲ ಮಾಡಿ ಕಟ್ಟಿಸಿದ ಬೆಂಗಳೂರಿನ ಮನೆ, ಅದರ ಅಟ್ಟ ಮಾತ್ರ ಯಾರದೋ ಕಂಪನಿಗೆ ಪುಕ್ಕಟೆ ಗೋದಾಮು.

ಮರುಬಳಸಲಿಲ್ಲ ಎನ್ನುವಂತಿಲ್ಲ. ಡಿಸೆಂಬರ್ ಚಳಿಗೆ ದೋಸೆ ಹಿಟ್ಟು ಉಬ್ಬುವುದಿಲ್ಲವೆಂದು ಹೆಂಡತಿ ಪಾತ್ರೆಯನ್ನು ಡಬ್ಬಿಯೊಳಗಿಟ್ಟು ಮುಚ್ಚಿದಳು. ಬೆಳಿಗ್ಗೆ ನೋಡಿದರೆ ಹಿಟ್ಟು ಪಾತ್ರೆ ಮೀರಿ ಡಬ್ಬಿಯ ಮೂಲೆಮೂಲೆಗೂ ಇಳಿದಿತ್ತು. ತಿಕ್ಕಿದರೆ ಹಿಟ್ಟು ಹೋಗಲಿಲ್ಲ, ಡಬ್ಬಿಯೇ ಹೋಗತೊಡಗಿತು. ಸಾಸಿವೆ ಗಾತ್ರದ ಬಿಳಿ ಕಾಳುಗಳು ಎದ್ದು ಮೊಣಕೈ, ಸೆರಗು, ಸಿಂಕಿನ ಜಾಲರಿ, ಕೊನೆಗೆ ಬೆಕ್ಕಿನ ಮೀಸೆಗೂ ಅಂಟಿಕೊಂಡವು. ದೋಸೆ ಚೆನ್ನಾಗಿತ್ತು. ಎರಡನೆಯ ಡಬ್ಬಿಯ ತಳ ತೂತು ಮಾಡಿ, ಮಣ್ಣು ತುಂಬಿ, ಟೆರೇಸಿನಲ್ಲಿ ಪುದೀನ ನೆಟ್ಟೆವು. ಎರಡು ಬೇಸಿಗೆಯ ಬಿಸಿಲಿಗೆ ಡಬ್ಬಿ ಹಳದಿಯಾಗಿ ಪುಡಿ ಉದುರಿ, ಮಣ್ಣು ಯಾವುದು ಡಬ್ಬಿ ಯಾವುದು ಎಂದು ಈಗ ಪುದೀನಕ್ಕೂ ಗೊತ್ತಿಲ್ಲ. ಮೂರನೆಯದನ್ನು ಮೇಲಿನ ಮನೆಯವರಿಗೆ ಪ್ರೀತಿಯಿಂದ ಕೊಟ್ಟೆ. ಅವರು ಅಷ್ಟೇ ಪ್ರೀತಿಯಿಂದ ಮಂಗಳೂರಿನಿಂದ ಮೀನು ಬಂದ ಎರಡು ಡಬ್ಬಿಗಳನ್ನು ನಮಗೆ ಕೊಟ್ಟರು. ನಾವು ಸಸ್ಯಾಹಾರಿಗಳು, ನಮ್ಮ ಅಟ್ಟ ಅಲ್ಲ.

ಗುಜರಿಯವನನ್ನು ಕರೆದೆ. ಹಳೆ ಪೇಪರ್, ತಗಡು, ಒಡೆದ ಬಕೆಟ್ ಎಲ್ಲ ತೂಗಿದ. ಡಬ್ಬಿ ತೋರಿಸಿದ್ದಕ್ಕೆ, "ಸ್ವಾಮಿ, ಇದನ್ನ ಇಟ್ರೆ ತಕ್ಕಡೀನೇ ನಗುತ್ತೆ" ಅಂದ. ಅವನ ತಪ್ಪಿಲ್ಲ. ಥರ್ಮಾಕೋಲಿನಲ್ಲಿ ಶೇ. 98ರಷ್ಟು ಗಾಳಿ, ಉಳಿದದ್ದಷ್ಟೇ ಪಾಲಿಸ್ಟೈರೀನ್. ಒಂದು ಆಟೋ ತುಂಬ ಒಯ್ದರೂ ಡೀಸೆಲ್ ಖರ್ಚು ಹುಟ್ಟುವುದಿಲ್ಲ. ಕರಗಿಸಿ ಮತ್ತೆ ಬಳಸಬಹುದು ಎಂದು ಪುಸ್ತಕದಲ್ಲಿದೆ. ಪುಸ್ತಕ ನಮ್ಮ ಬೀದಿಗೆ ಬಂದಿಲ್ಲ.

ವಿಜ್ಞಾನದ ಕಡೆಯಿಂದಲೂ ಭರವಸೆ ಇದೆ. ಹಿಟ್ಟಿನ ಹುಳು ಥರ್ಮಾಕೋಲನ್ನು ತಿಂದು ಅರಗಿಸಿಕೊಳ್ಳುತ್ತದೆಂದು 2015ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದರು. ನೂರು ಹುಳುಗಳು ದಿನಕ್ಕೆ ತಿನ್ನುವುದು 34ರಿಂದ 39 ಮಿಲಿಗ್ರಾಂ. ನಮ್ಮ ಡಬ್ಬಿಯನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟೆ: 200 ಗ್ರಾಂ. ಹುಳುಗಳು ಒಂದು ಹೊತ್ತೂ ಉಪವಾಸ ಮಾಡದೆ ಉಂಡರೆ ಡಬ್ಬಿ ಮುಗಿಯಲು ಹದಿನಾಲ್ಕು ವರ್ಷವಾದರೂ ಬೇಕು. ಶ್ರೀರಾಮನ ವನವಾಸದಷ್ಟು. ಅಷ್ಟರಲ್ಲಿ ಇನ್ನೂ 168 ಡಬ್ಬಿ ಬಂದಿರುತ್ತವೆ.

ಮಗಳು ಒಂದು ಡಬ್ಬಿ ಕೊರೆದು ಗಣೇಶನಿಗೆ ಮಂಟಪ ಮಾಡಿದಳು. ನಿಜವಾದ ಮರುಬಳಕೆ ಎಂದರೆ ಇದು ಅಂತ ಬೀಗಿದೆ. ಆಮೇಲೆ ತಿಳಿಯಿತು, ಅಲಂಕಾರಕ್ಕೆ ಬಳಸುವ ಥರ್ಮಾಕೋಲಿಗೆ 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧ. ಅದೇ ವಸ್ತು ಔಷಧ ಹೊತ್ತು ಬಂದರೆ ಪ್ಯಾಕಿಂಗ್, ಗಣಪನ ಬೆನ್ನ ಹಿಂದೆ ನಿಂತರೆ ಅಪರಾಧ. ಕಂಪನಿ ಮಾಡಿದ್ದು ವ್ಯವಹಾರ, ಮಗಳು ಮಾಡಿದ್ದು ಕಾನೂನುಭಂಗ. ಮಂಟಪವನ್ನು ರಾತ್ರಿಯೇ ಕಳಚಿದೆವು. ಅದೂ ಈಗ ಅಟ್ಟದಲ್ಲಿದೆ, ಐದು ತುಂಡಾಗಿ.

ಅದೇ ವರ್ಷ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಇನ್ನೊಂದು ನಿಯಮವನ್ನೂ ತಂದಿದೆ: ಪ್ಲಾಸ್ಟಿಕ್ ಪ್ಯಾಕಿಂಗನ್ನು ಮಾರುಕಟ್ಟೆಗೆ ಬಿಟ್ಟವರೇ ಅದರ ಕಸದ ಹೊಣೆ ಹೊರಬೇಕು. ಓದಿ ಧೈರ್ಯ ಬಂತು. ಮೊನ್ನೆ ಹೊಸ ಡಬ್ಬಿ ತಂದ ಹುಡುಗನ ಕೈಗೆ ಹಳೆಯದನ್ನು ಕೊಡಹೋದೆ.

"ಸರ್, ತರೋಕೆ ಆರ್ಡರ್ ಇದೆ, ಒಯ್ಯೋಕಿಲ್ಲ" ಎಂದು ಗಾಡಿ ಹತ್ತಿದ.

ಸದ್ಯ ಅಟ್ಟದಲ್ಲಿ ಹನ್ನೊಂದಿವೆ. ಓದುಗರಲ್ಲಿ ಬೇಕಾದವರು ಬಂದು ಒಯ್ಯಬಹುದು, ಮುಚ್ಚಳ ಸಮೇತ. ಬರುವಾಗ ಮಾತ್ರ ನಿಮ್ಮವನ್ನು ತರಬೇಡಿ.