ಮದ್ದು ಆರಿಸುವ ಶಾಸ್ತ್ರ

ಅಮೆರಿಕದಲ್ಲಿ ಸಿಡಿದ ಪಿಸ್ತೂಲು ತೋಟೆಗಳ ಹಿತ್ತಾಳೆ ಕೋಶಗಳನ್ನು ಹೆಕ್ಕಿ ತಂದು, ಹೊಸ ಕೇಪು, ಮದ್ದು, ಗುಂಡು ಕೂಡಿಸಿ ಮನೆಯಲ್ಲೇ ಮರುಭರ್ತಿ ಮಾಡುವ ಹವ್ಯಾಸಿಗಳ ಪಂಗಡವೊಂದಿದ್ದು, ಇದೆಲ್ಲ ಹಣ ಉಳಿಸಲೆಂದೇ ಎಂದು ಅವರು ಮನೆಯವರಿಗೆ ಹೇಳುವುದೂ, ಉಳಿದ ಹಣ ಇನ್ನೊಂದು ಡಬ್ಬಿ ಮದ್ದಿಗೆ ಹೋಗುವುದೂ ವಾಡಿಕೆಯಾಗಿದೆ.

ಇಲ್ಲಿ ಮದ್ದೆಂದರೆ ಹಳೆಯ ಕರಿಮದ್ದಲ್ಲ, 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ರೂಪಿಸಿದ, ನೈಟ್ರೋಸೆಲ್ಯುಲೋಸ್ ಮೂಲದ ಹೊಗೆರಹಿತ ಮದ್ದಿನ ಸಂತತಿ. ಅದರ ಜಾತಕವನ್ನು ಬರೆಯುವುದು ಉರಿವೇಗ, ಅಂದರೆ ಮದ್ದು ಎಷ್ಟು ಬೇಗ ಉರಿದು ಅನಿಲವಾಗುತ್ತದೆ ಎಂಬ ಗುಣ. ಪಿಸ್ತೂಲಿನ ನಳಿಗೆ ಗಿಡ್ಡದಾದುದರಿಂದ ನಿಧಾನದ ಮದ್ದು, ಗುಂಡು ಹೊರಬಿದ್ದ ಮೇಲೂ ಉರಿಯುತ್ತಲೇ ಇದ್ದು, ಮುಹೂರ್ತ ಮೀರಿ ಬಂದ ವಾಲಗದವರಂತೆ ಬರಿಯ ಸದ್ದು ಮಾಡುತ್ತದೆ.

1898ರಲ್ಲಿ ಮಾರುಕಟ್ಟೆಗೆ ಬಂದ ಬುಲ್ಸ್‌ಐ ಎಂಬ ವೇಗದ ಮದ್ದಿನ ಮೇಲೆ ಜಿಪುಣರಿಗೆ ವಿಶೇಷ ಭಕ್ತಿ. 7000 ಗ್ರೇನ್ ತೂಗುವ ಒಂದು ಪೌಂಡಿನಲ್ಲಿ ತೋಟೆಯೊಂದಕ್ಕೆ ಕೆಲವೇ ಗ್ರೇನ್ ಸಾಕು. ಆದರೆ ಕೋಶದ ತಳದಲ್ಲಿ ಅಷ್ಟು ವಿನಯದಿಂದ ಕುಳಿತ ಮದ್ದಿನ ಮೇಲೆ ಮರೆವಿನಿಂದ ಇನ್ನೊಮ್ಮೆ ಸುರಿದರೂ ಕೋಶ ಅದನ್ನು ಸಹಿಸಿಕೊಳ್ಳುತ್ತದೆ, ಪಿಸ್ತೂಲು ಸಹಿಸದೆ ಕೈಯಲ್ಲೇ ಸಿಡಿಯಬಹುದು. ಆದ್ದರಿಂದ ಬುದ್ಧಿವಂತರು ಹೆಚ್ಚು ಜಾಗ ಹಿಡಿಯುವ ಮದ್ದನ್ನು ಆರಿಸುತ್ತಾರೆ. ಎರಡನೆಯ ಸಲ ಸುರಿದಾಗ ಅದು ಹೊರಚೆಲ್ಲಿ ಚಾಡಿ ಹೇಳುತ್ತದೆ.

ಉರಿವೇಗದ ಪಟ್ಟಿಗಳು ಸರದಿಯನ್ನು ತೋರಿಸುತ್ತವೆಯೇ ಹೊರತು ಅಂತರವನ್ನಲ್ಲ, ಪ್ರಮಾಣಕ್ಕೆ ತಯಾರಕರ ಕೈಪಿಡಿಯೇ ಗತಿ. ಇಷ್ಟೆಲ್ಲ ಮೀಮಾಂಸೆ ನಡೆಸಿದ ಪಂಡಿತರೂ 2013ರಲ್ಲಿ ಅಮೆರಿಕದಲ್ಲಿ ಮದ್ದಿಗೆ ಅಭಾವ ಬಂದಾಗ ಅಂಗಡಿಯಲ್ಲಿ ಸಿಕ್ಕ ಡಬ್ಬಿಯನ್ನೇ ಸರ್ವಶ್ರೇಷ್ಠವೆಂದು ಒಪ್ಪಿ ತಂದರು.